ಮಿದುಳಿನ ಪೆಟ್ಟೂ ಮನೆಯ ದಿನಚರಿಯೂ

(ಶ್ರೀಮಠದ ಸುವರ್ಣ ಮಹೋತ್ಸವದ ನಿಮಿತ್ತ ನೆರೆದ ಭಕ್ತಸಭೆಯಲ್ಲಿ ಶ್ರೀಮಠದ ಪಾಠಶಾಲೆಯ ಶಾಸ್ತ್ರಿಗಳು ಮಾಡಿದ ಉಪನ್ಯಾಸ)

ನನಗೆ ಅಪ್ಪಣೆಯಾದ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ವ್ಯಾಕರಣವನ್ನೂ ತರ್ಕವನ್ನೂ ಪಾಠ ಹೇಳಿಕೊಂಡು ಕಾಲ ಕಳೆದ ಈ ಶಾಸ್ತ್ರಿಗೆ ಮಿದುಳಿನ ಆಘಾತದ ಗೊಡವೆ ಏಕೆ, ಮೊಬೈಲಿನ ಮಾತು ಏಕೆ, ಎಂದು ತಮ್ಮಲ್ಲಿ ಕೆಲವರು ಶಂಕಿಸಬಹುದು. ಆ ಶಂಕೆ ಯುಕ್ತವಾದುದೇ. ನಾನು ವೈದ್ಯನಲ್ಲ, ಯಂತ್ರಜ್ಞನಂತೂ ಅಲ್ಲವೇ ಅಲ್ಲ. ಆದರೆ ನನ್ನ ಮನೆಯಲ್ಲಿಯೇ ಒಂದು ಸಂಗತಿ ನಡೆಯಿತು. ಅದರಲ್ಲಿ ನನ್ನದೊಂದು ದೊಡ್ಡ ತಪ್ಪೂ ಇತ್ತು. ಆ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗದಿರಲೆಂಬದೇ ಈ ಉಪನ್ಯಾಸದ ಪ್ರಯೋಜನವು.

ನನ್ನ ಕಿರಿಯ ಸಹೋದರನು ಶ್ರೀಮಠದ ದಾಸೋಹದ ಉಗ್ರಾಣವನ್ನು ನೋಡಿಕೊಳ್ಳುವವನು. ಅಕ್ಕಿ ಬೇಳೆ ಬೆಲ್ಲಗಳ ಕಿರ್ದಿಯನ್ನು ಬರೆದು, ಒಂದು ಸೇರಿನ ವ್ಯತ್ಯಾಸವೂ ಬಾರದಂತೆ ಲೆಕ್ಕವಿಡುವದು ಅವನ ಕಾಯಕ. ಎರಡು ವರ್ಷಗಳ ಹಿಂದೆ ಪೇಟೆಯಿಂದ ಮೋಟರ್ ಸೈಕಲ್ಲಿನ ಮೇಲೆ ಹಿಂದಿರುಗುವಾಗ ನಾಯಿಯೊಂದು ಅಡ್ಡಬಂದು ಅವನು ಬಿದ್ದನು. ಹೆಲ್ಮೆಟ್ಟು ಇತ್ತು, ಆದರೆ ತಲೆಯ ಮೇಲಿರಲಿಲ್ಲ, ಹ್ಯಾಂಡಲಿಗೆ ತೂಗುಹಾಕಿತ್ತು. ಕೆಲವು ನಿಮಿಷ ಎಚ್ಚರ ತಪ್ಪಿತ್ತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಒಳಗೆ ರಕ್ತಸ್ರಾವವಿಲ್ಲವೆಂದು ಹೇಳಿ, ಮೂರು ದಿನಗಳಲ್ಲಿ ಮನೆಗೆ ಕಳುಹಿದರು. ಗುರುಕೃಪೆಯಿಂದ ಗಂಡಾಂತರ ತಪ್ಪಿತೆಂದು ನಾವೆಲ್ಲರೂ ಸಂತೋಷಪಟ್ಟೆವು. ಹೊರಗೆ ಗಾಯವಿಲ್ಲವಷ್ಟೆ; ಆದಕಾರಣ ರೋಗವೂ ಇಲ್ಲವೆಂದು ಬಗೆದೆವು.

ಮುಂದೆ ನಡೆದದ್ದು ಬೇರೆ. ಎಂದೂ ಗಟ್ಟಿಯಾಗಿ ಮಾತಾಡದವನು ಸಣ್ಣ ಮಾತಿಗೆ ಸಿಡಿಯತೊಡಗಿದನು. ಭಜನೆಯ ತಾಳದ ಸಪ್ಪಳ ಕೇಳಿದರೆ ಕಿವಿ ಮುಚ್ಚಿಕೊಂಡು ಎದ್ದು ಹೋಗುವನು. ಹೇಳಿದ್ದು ಮರೆಯುವನು, ಮಧ್ಯಾಹ್ನವಾಯಿತೆಂದರೆ ಗೋಡೆಗೆ ಒರಗಿ ಕೂಡುವನು. ತಾಯಿಯವರು ದೃಷ್ಟಿಯಾಗಿದೆ ಎಂದರು. ನೆರೆಯವರು ಗ್ರಹಚಾರವೆಂದರು. ನಾನು ವಿದ್ಯಾವಂತನೆನಿಸಿಕೊಂಡವನು, ಅದನ್ನು ಮೈಗಳ್ಳತನವೆಂದೆನು. ಶ್ರಾವಣದ ಎರಡನೆಯ ಸೋಮವಾರ, ಭಕ್ತರು ಪಂಕ್ತಿಪಂಕ್ತಿಯಾಗಿ ಪ್ರಸಾದಕ್ಕೆ ಕುಳಿತಿರುವಾಗ, ಅವನು ಉಗ್ರಾಣದ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಮಲಗಿದ್ದನ್ನು ಕಂಡು, ವಿದ್ಯಾರ್ಥಿಗಳ ಎದುರಿನಲ್ಲಿಯೇ ಅವನನ್ನು ಕಾಯಕಗಳ್ಳನೆಂದು ಜರೆದೆನು. ಅವನು ಮರುಮಾತಾಡಲಿಲ್ಲ. ಆ ದಿನವನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸಂಗ ಬರುವದು.

ಈ ಸಂಗತಿಗೆ ಕಾರಣವೇನೆಂಬದನ್ನು ಸ್ವಲ್ಪ ವಿಚಾರಿಸೋಣ. ಕೈಯ ಎಲುಬು ಮುರಿದರೆ ಕೈಯು ನೋಯುವದು. ಆ ನೋವನ್ನು ಅರಿತು ಹೇಳುವ ಮಿದುಳು ಸ್ವಸ್ಥವಾಗಿರುವದು. ಮಿದುಳಿಗೇ ಪೆಟ್ಟಾದರೆ ಹೇಳತಕ್ಕವನೇ ಪೀಡಿತನು. ಅಮೇರಿಕೆಯ ವರ್ಮಾಂಟ್ ಪ್ರಾಂತದಲ್ಲಿ 1848ನೆಯ ಇಸವಿಯಲ್ಲಿ ರೈಲುಹಾದಿಯ ಕೆಲಸದ ಮೇಸ್ತ್ರಿಯಾದ ಫಿನಿಯಸ್ ಗೇಜ್ ಎಂಬವನ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆಯು ನೆತ್ತಿಯಿಂದ ಹೊರಬಿದ್ದಿತು. ಅವನು ಬದುಕಿದನು, ನಡೆದನು, ಮಾತಾಡಿದನು; ಆದರೆ ಸ್ವಭಾವವೇ ಬೇರೆಯಾಯಿತೆಂದು ಅವನನ್ನು ಉಪಚರಿಸಿದ ಡಾಕ್ಟರ್ ಹಾರ್ಲೋ 1868ರಲ್ಲಿ ಬರೆದರು. ಆ ಮನುಷ್ಯನೇ ಮುಂದೆ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆಗಾಡಿಯನ್ನು ಹೊಡೆದು ಜೀವಿಸಿದನು. ಶೀಲವು ಕೆಟ್ಟಿತೆಂದು ನಾವು ಹೇಳುವಲ್ಲಿ ಅಂಗವು ಕೆಟ್ಟಿರಬಹುದೆಂಬದನ್ನೂ, ಕೆಟ್ಟದ್ದು ಎಲ್ಲಕಾಲಕ್ಕೂ ಹಾಗೆಯೇ ಉಳಿಯತಕ್ಕದ್ದಲ್ಲವೆಂಬದನ್ನೂ ಈ ಒಂದೇ ಚರಿತ್ರೆಯು ತಿಳಿಸುವದು. 1914ರಲ್ಲಿ ಫ್ರಾನ್ಸ್ ದೇಶದ ಬಾಬಿನ್ಸ್ಕಿ ಎಂಬ ವೈದ್ಯರು ಇನ್ನೊಂದು ಅವಸ್ಥೆಗೆ ಹೆಸರಿಟ್ಟರು: ರೋಗಿಗೆ ತನ್ನ ನ್ಯೂನತೆಯೇ ಗೋಚರಿಸದಿರುವದು. ಇದಕ್ಕೆ ಅನೊಸೊಗ್ನೋಸಿಯಾ ಎನ್ನುತ್ತಾರೆ. ಅದು ಸುಳ್ಳಲ್ಲ, ಹಟವೂ ಅಲ್ಲ. ಕಾಣುವ ಕಣ್ಣಿಗೇ ಪೊರೆ ಬಂದಂತೆ.

ಇನ್ನೊಂದು ಭ್ರಾಂತಿಯು ಶಬ್ದದಿಂದ ಹುಟ್ಟಿದ್ದು. 1974ರಲ್ಲಿ ಸ್ಕಾಟ್‌ಲಂಡಿನ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಒಂದು ಮಾಪನವನ್ನು ರಚಿಸಿದರು. ಕಣ್ಣು ತೆರೆಯುವದು, ಮಾತಾಡುವದು, ಕೈಕಾಲು ಆಡಿಸುವದು ಎಂಬ ಮೂರನ್ನು ನೋಡಿ 3ರಿಂದ 15ರ ವರೆಗೆ ಅಂಕ ಕೊಡುತ್ತಾರೆ. 13ಕ್ಕೆ ಕಡಿಮೆಯಿಲ್ಲದಿದ್ದರೆ ಪೆಟ್ಟನ್ನು ಲಘುವೆನ್ನುತ್ತಾರೆ. 8 ಅಥವಾ ಅದಕ್ಕೂ ಕೆಳಗಾದರೆ ತೀವ್ರವೆನ್ನುತ್ತಾರೆ. ಮೊದಲಿನ ಗಳಿಗೆಗಳ ಎಚ್ಚರವನ್ನು ಅಳೆಯುವದಕ್ಕೆ ಅದು ಉತ್ತಮ ಸಾಧನವು. ಆದರೆ ಲಘು ಎಂಬ ಪದವು ಆ ಗಳಿಗೆಗೆ ಸಂಬಂಧಿಸಿದ್ದು. ಮುಂದಿನ ಆರು ತಿಂಗಳಿಗೆ ಸಂಬಂಧಿಸಿದ್ದಲ್ಲ. ಲಘುವಾದ ಪೆಟ್ಟು ಬಿದ್ದವರಲ್ಲಿ ಬಹುಜನರು ಕೆಲವು ವಾರಗಳಲ್ಲಿ ಗುಣಹೊಂದುತ್ತಾರೆಂಬದು ನಿಜ. ಕೆಲವರಿಗೆ ಮಾತ್ರ ತಲೆನೋವು, ದಣಿವು, ಮರೆವು, ಸಿಡುಕು, ನಿದ್ರಾಭಂಗಗಳು ತಿಂಗಳುಗಟ್ಟಲೆ ಉಳಿಯುವವು. ನನ್ನ ತಮ್ಮನು ಆ ಕೆಲವರಲ್ಲಿ ಒಬ್ಬನು.

ಮರಳಿ ವೈದ್ಯರ ಬಳಿಗೆ ಹೋದಾಗ ಅವರು ಕೇಳಿದ ಪ್ರಶ್ನೆ ಒಂದೇ: "ಈ ಹದಿನೈದು ದಿನ ಹೇಗಿದ್ದೀರಿ?" ತಮ್ಮನು "ಆರಾಮ ಇದ್ದೇನ್ರಿ" ಎಂದನು. ಅವನ ಹೆಂಡತಿಯು ಕಣ್ಣೀರು ತಂದು, "ಒಂದು ದಿನವೂ ಚಲೋ ಇಲ್ಲರಿ" ಎಂದಳು. ನಾನು, "ಕೆಲಸವೆಂದರೆ ಮಾತ್ರ ತಲೆನೋವು" ಎಂದೆನು. ಒಂದೇ ಮನೆಯ ಮೂರು ಸಾಕ್ಷಿಗಳು, ಮೂರು ಬಗೆಯ ಹೇಳಿಕೆ! ಯಾರೂ ಸುಳ್ಳಾಡಿರಲಿಲ್ಲ. ಆ ದಿನ ಬೆಳಗ್ಗೆ ಅವನಿಗೆ ಆರಾಮವಿತ್ತು, ಅದನ್ನೇ ಹೇಳಿದನು. ಹಿಂದಿನ ರಾತ್ರಿ ಅವಳ ಮೇಲೆ ರೇಗಿದ್ದನು, ಅವಳಿಗೆ ಅದೇ ನೆನಪು. ನನಗೆ ನನ್ನ ಅಭಿಪ್ರಾಯವೇ ನೆನಪಾಗಿ ಪರಿಣಮಿಸಿತ್ತು.

ನಮ್ಮ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗಳು ಇಲ್ಲಿ ಕುಳಿತಿರುವರು. ಅನ್ನಂಭಟ್ಟರು ಜ್ಞಾನವನ್ನು ಸ್ಮೃತಿ, ಅನುಭವ ಎಂದು ಎರಡಾಗಿ ವಿಂಗಡಿಸಿ, ಯಥಾರ್ಥವಾದ ಅನುಭವವನ್ನೇ ಪ್ರಮೆಯೆನ್ನುವರು. ಸ್ಮೃತಿಗೆ ಆ ಸ್ಥಾನವನ್ನು ಕೊಡುವದಿಲ್ಲ. ಮೂವತ್ತು ವರ್ಷ ಇದನ್ನು ಪಾಠ ಹೇಳಿದ ನಾನು, ನನ್ನ ಮನೆಯ ರೋಗಿಯ ವಿಷಯದಲ್ಲಿ ಸ್ಮೃತಿಯನ್ನೇ ಪ್ರಮಾಣವೆಂದು ಹಿಡಿದೆನು. ನಮ್ಮ ಶರಣರಾದರೂ ಕಲ್ಯಾಣದಲ್ಲಿ ಕಟ್ಟಿದ್ದು ಅನುಭವಮಂಟಪವನ್ನೇ. ಪೆಟ್ಟುಬಿದ್ದ ಮಿದುಳಿನ ಸ್ಮೃತಿಯಂತೂ ಸೋರುವ ಕೊಡದಂತೆ. ಆದಕಾರಣ ಅನುಭವವು ಅನುಭವವಾಗಿರುವಾಗಲೇ, ಅದು ಸ್ಮೃತಿಯಾಗುವದಕ್ಕಿಂತ ಮೊದಲೇ, ಗುರುತುಹಾಕಿಕೊಳ್ಳಬೇಕು. ನಾನು ಇಂದು ಹೇಳತಕ್ಕ ಮಾತೆಲ್ಲವೂ ಈ ಒಂದು ವಾಕ್ಯದಲ್ಲಿ ಅಡಗಿರುವದು.

ಪಾಶ್ಚಾತ್ಯ ವಿದ್ವಾಂಸರು ಇದೇ ತತ್ತ್ವವನ್ನು ಬೇರೊಂದು ಹಾದಿಯಿಂದ ಕಂಡರು. ಮನುಷ್ಯನನ್ನು ವಾರಕ್ಕೊಮ್ಮೆ ಕರೆದು ಕೇಳುವದರ ಬದಲಾಗಿ, ಅವನ ನಿತ್ಯಜೀವನದ ನಡುವೆಯೇ, ಆಯಾ ಕ್ಷಣದಲ್ಲಿ ಕೇಳಬೇಕೆಂಬ ಪದ್ಧತಿಯನ್ನು ಸ್ಟೋನ್ ಮತ್ತು ಶಿಫ್‌ಮನ್ ಎಂಬವರು 1994ರಲ್ಲಿ ನಿರೂಪಿಸಿದರು. ಮರುವರ್ಷ ಇಂಗ್ಲಂಡಿನಲ್ಲಿ ರಿವರ್‌ಮೀಡ್ ಹೆಸರಿನ ಪ್ರಶ್ನಾವಳಿಯು ಪ್ರಕಟವಾಯಿತು. ಅದರಲ್ಲಿ ತಲೆನೋವು, ತಲೆಸುತ್ತು, ಓಕರಿಕೆ, ಸಪ್ಪಳದ ಅಸಹನೆ, ದಣಿವು, ಸಿಡುಕು, ಮರೆವು ಮೊದಲಾದ 16 ಲಕ್ಷಣಗಳಿದ್ದು, ಪ್ರತಿಯೊಂದಕ್ಕೂ 0ಯಿಂದ 4ರ ವರೆಗೆ ಅಂಕವಿಡಬೇಕು. ಅದರ ವಿಶೇಷವೇನೆಂದರೆ, ಪೆಟ್ಟಿನ ಮುಂಚೆ ಇದ್ದಷ್ಟೇ ಇದ್ದರೆ 1. ಅದಕ್ಕಿಂತ ಅಲ್ಪವಾಗಿ ಹೆಚ್ಚಿದ್ದರೆ 2, ಮಧ್ಯಮವಾದರೆ 3, ತೀವ್ರವಾದರೆ 4. ನೆರೆಯವನೊಡನೆ ಹೋಲಿಕೆಯಿಲ್ಲ, ತನ್ನ ಹಿಂದಿನ ಸ್ಥಿತಿಯೊಡನೆ ಮಾತ್ರ ಹೋಲಿಕೆ. ಮೊಬೈಲುಗಳು ಮನೆಮನೆಗೆ ಬಂದ ಮೇಲೆ ಈ ಎರಡೂ ಹೊಳೆಗಳು ಕೂಡಿದವು. ಅಮೇರಿಕೆಯ ಪಿಟ್ಸ್‌ಬರ್ಗ್ ನಗರದ ಸಂಶೋಧಕರು ತಲೆಗೆ ಲಘುವಾದ ಪೆಟ್ಟು ಬಿದ್ದು ಮನೆಗೆ ಹೋದವರಿಗೆ ಮೊಬೈಲಿನ ಸಂದೇಶಗಳಿಂದ ಲಕ್ಷಣಗಳನ್ನು ವಿಚಾರಿಸಿ 2013ರಲ್ಲಿ ವರದಿ ಬರೆದರು. ಅಲ್ಲಿಯವರೇ 2015ರಲ್ಲಿ, ಮಿದುಳಿನ ಆಘಾತ ಹೊಂದಿ ಮನೆಯಲ್ಲಿ ವಾಸಿಸುತ್ತಿದ್ದವರು ಎಂಟು ವಾರ ಸ್ಮಾರ್ಟ್‌ಫೋನಿನಲ್ಲಿ ತಮ್ಮ ಮನಸ್ಸಿನ ಸ್ಥಿತಿಯನ್ನು ದಾಖಲಿಸಬಲ್ಲರೆಂಬದನ್ನು ತೋರಿಸಿದರು. ಇವು ಚಿಕ್ಕ ಪ್ರಯೋಗಗಳು. ದಾಖಲೆಯಿಂದಲೇ ರೋಗ ನೀಗುವದೆಂದು ಇವು ಸಾಧಿಸಲಿಲ್ಲ. ಆದರೆ ಮರೆವಿನವರಿಂದ ಈ ಕೆಲಸ ಆಗಲಾರದೆಂಬ ಮಾತಿಗೆ ಉತ್ತರ ದೊರೆಯಿತು.

ನಮ್ಮ ಮನೆಯಲ್ಲಿ ಈ ದಾರಿಯನ್ನು ಹಿಡಿಸಿದವಳು ತಮ್ಮನ ಮಗಳು. "ದೊಡ್ಡಪ್ಪ, ಉಗ್ರಾಣಕ್ಕೆ ಕಿರ್ದಿ ಇದೆ, ಅಪ್ಪನ ತಲೆಗೆ ಏಕೆ ಇರಬಾರದು?" ಎಂದು ಅವಳು ಕೇಳಿದಳು. ವೈದ್ಯರ ಸಮ್ಮತಿಯನ್ನು ಪಡೆದು, ಆ ಪ್ರಶ್ನಾವಳಿಯಿಂದ ಆರನ್ನು ಆರಿಸಿಕೊಂಡೆವು: ತಲೆನೋವು, ದಣಿವು, ಸಪ್ಪಳ, ಮರೆವು, ಸಿಡುಕು, ಬೆಳಗ್ಗೆ ಮಾತ್ರ ನಿದ್ರೆ. ದುಡ್ಡು ಕೊಟ್ಟು ಯಾವ ಆ್ಯಪನ್ನೂ ಕೊಳ್ಳಲಿಲ್ಲ. ಅವನ ಮೊಬೈಲಿನಲ್ಲಿ ಮೊದಲೇ ಇದ್ದ ಟಿಪ್ಪಣಿಯ ಪುಟವೂ ಅಲಾರಾಮೂ ಸಾಕಾದವು. ಬೆಳಗಿನ ಲಿಂಗಪೂಜೆಯಾದ ಮೇಲೆ ಒಮ್ಮೆ, ಮಧ್ಯಾಹ್ನದ ಪ್ರಸಾದವಾದ ಮೇಲೆ ಒಮ್ಮೆ, ಸಾಯಂಪೂಜೆಗೆ ಮೊದಲು ಒಮ್ಮೆ, ಮೆಲುದನಿಯ ಗಂಟೆ ಬಾರಿಸುವದು. ನಿತ್ಯನೇಮಕ್ಕೆ ಹೊಂದಿಸಿದ ಕೆಲಸವು ಮರೆವಿನಲ್ಲಿಯೂ ನಿಲ್ಲುವದೆಂಬದು ನಮ್ಮ ಅನುಭವ. ಪರದೆಯ ಬೆಳಕನ್ನು ತಗ್ಗಿಸಿ, ಆರು ಅಂಕಗಳನ್ನು ಒತ್ತಿ, ಬೇಕೆನಿಸಿದರೆ ಒಂದು ವಾಕ್ಯವನ್ನು ಬಾಯಿಂದ ಹೇಳಿ ಧ್ವನಿಮುದ್ರಿಸುವನು. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ರಾತ್ರಿ ಅವನ ಹೆಂಡತಿಯು ತಾನು ಕಂಡದ್ದನ್ನು ಅವನಿಗೆ ತಿಳಿಸಿಯೇ ಬೇರೆ ಸಾಲಿನಲ್ಲಿ ಬರೆಯುವಳು. ಇಬ್ಬರ ಮಾತು ಕೂಡದಿದ್ದರೆ ತಿದ್ದುತ್ತಿರಲಿಲ್ಲ. ಆ ವ್ಯತ್ಯಾಸವೂ ವೈದ್ಯರಿಗೆ ಬೇಕಾದ ಸಂಗತಿಯೇ ಆಗಿತ್ತು.

ಐದು ವಾರಗಳಾದ ಮೇಲೆ ಹುಡುಗಿಯು ಅದನ್ನೆಲ್ಲ ಒಂದು ಹಾಳೆಯ ಮೇಲೆ ಇಳಿಸಿದಳು. ಅಲ್ಲಿ ಒಂದು ಕ್ರಮವು ಕಾಣಿಸಿತು. ರಾತ್ರಿ ನಿದ್ರೆ ಒಡೆದ ಮರುದಿನ ಮಧ್ಯಾಹ್ನ ತಲೆನೋವು ಏರುವದು. ಎರಡು ಗಂಟೆ ಎಡೆಬಿಡದೆ ಕಿರ್ದಿ ಬರೆದರೆ ದಣಿವು ಬರುವದು. ದಣಿವಿನ ಮೇಲೆ ಗದ್ದಲ ಬಿದ್ದರೆ ಸಂಜೆ ಸಿಡುಕು ಬರುವದು. ನಾವು ಕಂಡದ್ದು ಕೊನೆಯ ಸಿಡುಕನ್ನು ಮಾತ್ರ. ಅದಕ್ಕಿಂತ ಹಿಂದಿನ ಮೂರು ಮೆಟ್ಟಿಲುಗಳನ್ನು ಕಂಡಿರಲಿಲ್ಲ. ವೈದ್ಯರು ಆ ಹಾಳೆಯನ್ನು ಓದಿ, ಮಲಗುವ ಹೊತ್ತನ್ನು ಗೊತ್ತುಪಡಿಸಿದರು. ಅರ್ಧ ತಾಸಿನ ಕೆಲಸಕ್ಕೆ ಹತ್ತು ನಿಮಿಷದ ವಿಶ್ರಾಂತಿಯನ್ನೂ, ಪಂಕ್ತಿಯ ಹೊತ್ತಿನಲ್ಲಿ ಉಗ್ರಾಣದಿಂದ ದೂರವಿರುವದನ್ನೂ ವಿಧಿಸಿದರು. ಕೆಲಸವನ್ನು ಪೂರ್ತಿಯಾಗಿ ಬಿಡಕೂಡದು, ಮೆಲ್ಲಮೆಲ್ಲನೆ ಹೆಚ್ಚಿಸಬೇಕೆಂದರು. ಔಷಧಗಳಲ್ಲಿಯೂ ಒಂದನ್ನು ಬದಲಿಸಿದರು.

ನಾನು ಆ ಹಾಳೆಯಲ್ಲಿ ಹುಡುಕಿದ್ದು ಬೇರೊಂದನ್ನು. ಶ್ರಾವಣದ ಆ ಸೋಮವಾರದ ಹೊತ್ತಿಗೆ ದಾಖಲೆ ಆರಂಭವಾಗಿ ನಾಲ್ಕು ದಿನಗಳಾಗಿದ್ದವು. ಹುಡುಗಾಟಿಕೆಯೆಂದು ನಾನು ಅದನ್ನು ನೋಡಿಯೇ ಇರಲಿಲ್ಲ. ನಿದ್ರೆ ಎರಡು ತಾಸು. ಮಧ್ಯಾಹ್ನ ತಲೆನೋವು 4, ಸಪ್ಪಳ 4. ಅದರ ಕೆಳಗೆ ಧ್ವನಿಯೂ ಇತ್ತು. ಅವನ ಅನುಮತಿಯಿಂದ ಕೇಳಿದೆನು: "ಗದ್ದಲ ಭಾಳ ಅದ. ಲೆಕ್ಕ ಎರಡು ಸಲ ತಪ್ಪಿತು. ಮಠದ ಅಕ್ಕಿ, ತಪ್ಪಬಾರದು. ಸ್ವಲ್ಪ ಕತ್ತಲದಾಗ ಮಲಗಿ ಮತ್ತ ಬರೀತೀನಿ. ಅಣ್ಣಗ ಹೇಳಬ್ಯಾಡ್ರಿ." ಕಾಯಕಗಳ್ಳನೆಂದು ನಾನು ಜರೆದ ಗಳಿಗೆಯಲ್ಲಿ ಅವನು ಕಾಯಕವನ್ನು ಉಳಿಸಿಕೊಳ್ಳುವ ಸಲುವಾಗಿಯೇ ಮಲಗಿದ್ದನು. ಅನುಭವಕ್ಕೆ ಸಾಕ್ಷಿಯಿದ್ದಿರದಿದ್ದರೆ ನನ್ನ ತೀರ್ಪೇ ಅವನ ಪಾಲಿಗೆ ಸತ್ಯವಾಗಿ ಉಳಿಯುತ್ತಿತ್ತು. ಯಾರ ಎದುರಿನಲ್ಲಿ ಜರೆದಿದ್ದೆನೋ ಆ ವಿದ್ಯಾರ್ಥಿಗಳ ಎದುರಿನಲ್ಲಿಯೇ ಅವನ ಕ್ಷಮೆ ಬೇಡಿದೆನು.

ಇಷ್ಟರಿಂದ ಮೊಬೈಲೇ ವೈದ್ಯನೆಂದು ಯಾರೂ ಭ್ರಮಿಸಬಾರದು. ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಟ್ಟರೆ ನನ್ನ ಮಾತು ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು.

ಮೊದಲನೆಯದಾಗಿ, ಕೆಲವು ಲಕ್ಷಣಗಳು ಬರೆದಿಡತಕ್ಕವಲ್ಲ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರ, ಅಪಸ್ಮಾರದ ಸೆಳವು, ಮಾತಿನ ತೊದಲು, ಒಂದು ಪಕ್ಕದ ಕೈಕಾಲಿನ ನಿಶ್ಶಕ್ತಿ, ಕಣ್ಣಿನ ಪಾಪೆಗಳು ಒಂದು ಹಿರಿದು ಒಂದು ಕಿರಿದಾಗುವದು, ಕಿವಿ ಮೂಗುಗಳಿಂದ ತಿಳಿನೀರು ಇಳಿಯುವದು, ಇವುಗಳಲ್ಲಿ ಒಂದು ಕಂಡರೂ ಮೊಬೈಲಿನಲ್ಲಿ ಒತ್ತಬೇಕಾದದ್ದು ಅಂಕವನ್ನಲ್ಲ, 108ನ್ನು. ಬಿದ್ದ ಬಳಿಕ ಕೆಲ ಹೊತ್ತು ಚೆನ್ನಾಗಿದ್ದು ಅನಂತರ ಎಚ್ಚರ ತಪ್ಪುವದುಂಟು. ವೃದ್ಧರಲ್ಲಿ ಸಣ್ಣ ಪೆಟ್ಟಿನಿಂದ ಕೆಲವು ವಾರಗಳ ಮೇಲೆಯೂ ಮಿದುಳಿನ ಹೊರಪೊರೆಯ ಕೆಳಗೆ ರಕ್ತ ಕೂಡಿಕೊಳ್ಳುವದುಂಟು. ರಕ್ತವನ್ನು ತೆಳುಮಾಡುವ ಗುಳಿಗೆ ತೆಗೆದುಕೊಳ್ಳುವವರು ವಿಶೇಷವಾಗಿ ಎಚ್ಚರದಿಂದಿರಬೇಕು.

ಎರಡನೆಯದಾಗಿ, ಅಳೆಯುವ ಕೋಲೇ ಗಾಯವನ್ನು ಕೆರೆಯಬಾರದು. ಅಮೇರಿಕೆಯ ಮಸಾಚುಸೆಟ್ಸಿನಲ್ಲಿ 12ರಿಂದ 25 ವರ್ಷದ 125 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪೆಟ್ಟಾದ ಮೊದಲ 48 ತಾಸು ಪರದೆಗಳಿಂದ ದೂರವಿರಲು ಹೇಳಿಸಿಕೊಂಡವರ ಲಕ್ಷಣಗಳು ಸಾಮಾನ್ಯವಾಗಿ 3.5 ದಿನಗಳಲ್ಲಿ ಅಡಗಿದವು. ಪರದೆ ನೋಡಲು ಅನುಮತಿಯಿದ್ದವರಿಗೆ 8 ದಿನ ಹಿಡಿದವು. ಆದಕಾರಣ ಮೊದಲೆರಡು ದಿನ ಗುರುತುಹಾಕುವ ಕೆಲಸವು ಮನೆಯವರದು. ಆ ಮೇಲೆಯೂ ಒಂದು ನಿಮಿಷ ಬರೆದು ಒಂದು ತಾಸು ವೀಡಿಯೋ ನೋಡಿದರೆ ಫಲವೇನು? ಅಂತೆಯೇ, ಕ್ಷಣಕ್ಷಣಕ್ಕೂ ನೋವನ್ನೇ ಹುಡುಕುತ್ತ ಕುಳಿತರೆ ನೋವು ದೊಡ್ಡದಾಗುವದು. ದಿನಕ್ಕೆ ಮೂರು ಸಲಕ್ಕೆ ಮಿತಿಯಿರಲಿ. ಗುಣವಾಗುತ್ತ ಬಂದಂತೆ ಒಂದಕ್ಕೆ ಇಳಿಸಿ, ವೈದ್ಯರು ಸಾಕೆಂದಾಗ ನಿಲ್ಲಿಸಬೇಕು. ನಾವು ಏಳನೆಯ ತಿಂಗಳಲ್ಲಿ ನಿಲ್ಲಿಸಿದೆವು.

ಮೂರನೆಯದಾಗಿ, ಈ ದಿನಚರಿಯು ರೋಗಿಯ ಸೊತ್ತು. ಅವನ ತಪ್ಪುಗಳ ಪಟ್ಟಿಯಲ್ಲ. "ನಿನ್ನೆ ನಾಲ್ಕು ಸಲ ಸಿಡುಕಿದೆ" ಎಂದು ಜಗಳದಲ್ಲಿ ಅದನ್ನು ಓದಿ ತೋರಿಸಿದ ಮನೆಯಲ್ಲಿ ಮರುದಿನದಿಂದ ಅವನು ಎಲ್ಲಕ್ಕೂ 0 ಹಾಕುವನು. ಬಂಧುಬಳಗದ ವಾಟ್ಸಾಪ್ ಗುಂಪಿಗೆ ಅದನ್ನು ಹರಿಯಬಿಡುವದು ದ್ರೋಹವೇ ಸರಿ. ಯಾವದೋ ಆ್ಯಪ್ ಕೇಳಿತೆಂದು ಹೆಸರು, ಔಷಧ, ಮನಸ್ಸಿನ ಗುಟ್ಟುಗಳನ್ನೆಲ್ಲ ಒಪ್ಪಿಸುವ ಮೊದಲು, ಅದು ಎಲ್ಲಿಗೆ ಹೋಗುವದೆಂದು ವಿಚಾರಿಸಬೇಕು. ಓದುಬರಹ ಬಾರದವರು ಧ್ವನಿಯಲ್ಲಿ ಹೇಳಬಹುದು. ಮೊಬೈಲಿಲ್ಲದವರಿಗೆ ಗೋಡೆಯ ಪಂಚಾಂಗದ ಮೇಲೆ ಪೆನ್ಸಿಲಿನಿಂದ ಹಾಕಿದ ಅಂಕವೂ ಸಾಕು.

ನಾಲ್ಕನೆಯದಾಗಿ, ಮಿದುಳಿನ ಪೆಟ್ಟಿನ ಹಿಂದೆಯೇ ವಿಷಣ್ಣತೆಯೂ ಬರುವದುಂಟು. ಬದುಕು ಸಾಕೆಂಬ ಮಾತು ದಿನಚರಿಯಲ್ಲಿ ಒಮ್ಮೆ ಕಂಡರೂ ಅದನ್ನು ಅಂಕವೆಂದು ಎಣಿಸದೆ, ರೋಗಿಯನ್ನು ಒಂಟಿಯಾಗಿ ಬಿಡದೆ, ಕೂಡಲೆ ವೈದ್ಯರಿಗೆ ತಿಳಿಸಬೇಕು. 2022ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಕನ್ನಡದಲ್ಲಿಯೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಉಚ್ಚ ಮಾರ್ಗದರ್ಶಕ ಕೇಂದ್ರವಾಗಿರುವದು.

ಸದ್ಭಕ್ತರೇ, ಕಿರ್ದಿಯು ಧಾನ್ಯವಲ್ಲ. ಅದನ್ನು ಉಂಡು ಯಾರ ಹಸಿವೂ ಅಡಗುವದಿಲ್ಲ. ಆದರೆ ಕಿರ್ದಿಯಿಲ್ಲದ ಉಗ್ರಾಣದಲ್ಲಿ ಏನು ಉಳಿದಿದೆ, ಏನು ತೀರಿದೆ ಎಂಬದು ತಿಳಿಯದು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಲೆಕ್ಕವಿಡುವದೂ ನಮ್ಮಲ್ಲಿ ಕಾಯಕವೇ. ಶಕ್ತಿ ಕುಗ್ಗಿದವನ ಶಕ್ತಿಯ ಲೆಕ್ಕವನ್ನು ಅವನೊಡನೆ ಕುಳಿತು ಪ್ರಾಮಾಣಿಕವಾಗಿ ಇಡುವದು ದಾಸೋಹದ ಒಂದು ಬಗೆಯೆಂದು ನಾನು ನಂಬಿರುವೆನು. ಹಾಗೆ ಲೆಕ್ಕವಿಡುವ ಪ್ರಸಂಗವೇ ಬಾರದಿರುವದು ಇನ್ನೂ ಲೇಸು. ನಮ್ಮ ದೇಶದಲ್ಲಿ ಇಂಥ ಆಘಾತಗಳಿಗೆ ಮುಖ್ಯ ಕಾರಣವು ರಸ್ತೆಯ ಅಪಘಾತ. ಈ ರಾಜ್ಯದಲ್ಲಿ 2016ರಿಂದ ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಕಡ್ಡಾಯವಾಗಿದೆ. ಇಂದು ಸಭೆ ಮುಗಿದ ಮೇಲೆ ಮೋಟರ್ ಸೈಕಲ್ಲಿನಲ್ಲಿ ಊರಿಗೆ ಮರಳುವವರು ಹೆಲ್ಮೆಟ್ಟನ್ನು ಹ್ಯಾಂಡಲಿನಿಂದ ತೆಗೆದು ತಲೆಯ ಮೇಲಿಟ್ಟು, ಗಲ್ಲದ ಪಟ್ಟಿಯನ್ನು ಬಿಗಿದುಕೊಂಡರೆ ನನ್ನ ಶ್ರಮವು ಸಾರ್ಥಕವಾಗುವದು.

ನನ್ನ ತಮ್ಮನು ಪೂರ್ತಿಯಾಗಿ ಮೊದಲಿನಂತಾದನೆಂದು ಹೇಳಲಾರೆನು. ಬೆಳಗಿನ ಅರ್ಧ ದಿನ ಉಗ್ರಾಣದ ಕೆಲಸ ಮಾಡುವನು. ಮಧ್ಯಾಹ್ನದ ಮೇಲೆ ಮತ್ತೊಬ್ಬರು ನೋಡುವರು. ಲೆಕ್ಕ ತಪ್ಪುವದಿಲ್ಲ, ಎರಡು ಸಲ ನೋಡುವನು. ಈ ಸಂಗತಿಯನ್ನೆಲ್ಲ ಸಭೆಯಲ್ಲಿ ಹೇಳಬಹುದೇ ಎಂದು ಕೇಳಿದಾಗ ಅವನು ಸ್ವಲ್ಪ ಯೋಚಿಸಿ, "ಅಣ್ಣಾ, ನಿನ್ನ ಬೈಗುಳವನ್ನೂ ಸೇರಿಸಿ ಹೇಳು" ಎಂದನು. ಅಂತೆಯೇ ಹೇಳಿದ್ದೇನೆ. ಅವನು ಇಂದು ಈ ಸಭೆಯಲ್ಲಿಯೇ ಧ್ವನಿವರ್ಧಕದಿಂದ ದೂರವಾಗಿ, ಹಿಂದಿನ ಬಾಗಿಲ ಬಳಿಯಲ್ಲಿ ಕುಳಿತಿರುವನು. ಅವನು ನಡುವೆ ಎದ್ದು ಹೊರಗೆ ಹೋದರೆ ತಾವು ಯಾರೂ ಅನ್ಯಥಾ ಭಾವಿಸಬಾರದೆಂದು ಬೇಡಿಕೊಂಡು, ಪೂಜ್ಯರ ಆಶೀರ್ವಾದವು ನೊಂದವರೆಲ್ಲರ ಮೇಲಿರಲೆಂದು ಪ್ರಾರ್ಥಿಸಿ, ನನ್ನ ಅಲ್ಪ ಮಾತುಗಳನ್ನು ಮುಗಿಸುತ್ತೇನೆ.